ಇನ್ನೂರು ಮಕ್ಕಳು ಅಂದರೆ ಯಾವ ಇನ್ನೂರು?

(ಬೆಂಗಳೂರಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮುಖ್ಯ ಶಿಕ್ಷಕರ ಕೊಠಡಿಗೆ ಯಾರು ಕಾಲಿಟ್ಟರೂ ಮೊದಲು ಕಣ್ಣು ಹೋಗುವುದು ಗೋಡೆಯ ಮೇಲಿನ ಹಲಗೆಗೆ. ತರಗತಿ, ಗಂಡು, ಹೆಣ್ಣು, ಪ.ಜಾ., ಪ.ಪಂ., ಅಲ್ಪಸಂಖ್ಯಾತರು, ಇತರೆ, ಒಟ್ಟು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಬಂದರೆ ಅದನ್ನೇ ನೋಡುತ್ತಾರೆ, ದಾನಿಗಳು ಬಂದರೆ ಅದರದೇ ಫೋಟೊ ತೆಗೆದುಕೊಳ್ಳುತ್ತಾರೆ. ಕೊನೆಯ ಚೌಕದಲ್ಲಿ 212 ಅಂತಿದ್ದರೆ ಶಾಲೆಯಲ್ಲಿ 212 ಮಕ್ಕಳಿದ್ದಾರೆ ಅಂದುಕೊಂಡು ಎದ್ದು ಹೋಗುತ್ತಾರೆ. ವಲಸೆ ಇಲ್ಲದ ಹಳ್ಳಿಯಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಬೆಂಗಳೂರಿನಂಥ ಊರಿನಲ್ಲಿ ಜೂನ್ ತಿಂಗಳ 212 ಮಕ್ಕಳು ಬೇರೆ, ಫೆಬ್ರವರಿಯ 212 ಮಕ್ಕಳು ಬೇರೆ. ಬಂದವರೆಷ್ಟು, ಹೋದವರೆಷ್ಟು ಅನ್ನುವ ಲೆಕ್ಕ ಆ ಹಲಗೆಯಲ್ಲಿ ಎಲ್ಲೂ ಇಲ್ಲ. ಇವತ್ತಿನ ಮಾತೆಲ್ಲ ಆ ಲೆಕ್ಕದ ಬಗ್ಗೆ.

ಒಂದು ಶಾಲೆ ಎಂದುಕೊಳ್ಳಿ. 1ರಿಂದ 5ನೇ ತರಗತಿ. ಜೂನ್ 30ಕ್ಕೆ 212 ಮಕ್ಕಳು. ಜುಲೈಯಿಂದ ಮಾರ್ಚ್‌ವರೆಗೆ ಹೊಸದಾಗಿ 44 ಮಕ್ಕಳು ಸೇರಿದರು, 44 ಮಕ್ಕಳು ಬಿಟ್ಟು ಹೋದರು. ಮಾರ್ಚ್‌ನಲ್ಲಿ ಹಲಗೆಯ ಮೇಲೆ ಮತ್ತೆ 212. ವರ್ಷವಿಡೀ ಏನೂ ಆಗಲೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಈಗ ಬಿಟ್ಟು ಹೋದ 44 ಹೆಸರುಗಳನ್ನು ಬಿಡಿಸಿ ನೋಡಿ. ಅದರಲ್ಲಿ 9 ಮಕ್ಕಳು ಆ ವರ್ಷವೇ ನಡುವೆ ಬಂದು ಆ ವರ್ಷವೇ ಹೋದವರು. ಉಳಿದ 35 ಜನ ಜೂನ್‌ನಿಂದ ಇದ್ದವರು. ಅಲ್ಲಿಗೆ ಪೂರ್ತಿ ವರ್ಷ ನಿಮ್ಮ ಬೆಂಚಿನ ಮೇಲೆ ಕೂತವರು 177. ನಿಮ್ಮ ಶಿಕ್ಷಕರು ಆ ವರ್ಷ ಒಂದಲ್ಲ ಒಂದು ಕಾಲ ಪಾಠ ಹೇಳಿದ್ದು 256 ಮಕ್ಕಳಿಗೆ. 177, 212, 256 ಮೂರೂ ನಿಜವಾದ ಅಂಕಿಗಳೇ. ಹಲಗೆಯ ಮೇಲೆ ಬರುವುದು ನಡುವಿನದು ಮಾತ್ರ. ಕಲಿಕೆ ಯಾಕೆ ಕುಂದಿತು ಅಂತ ಯಾರಾದರೂ ಕೇಳಿದಾಗ ಉತ್ತರ ಇರುವುದು ಉಳಿದ ಎರಡರಲ್ಲಿ.

ಈ ಲೆಕ್ಕ ತೆಗೆಯುವುದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಬಂದವರು ದಾಖಲಾತಿ ಪುಸ್ತಕದಲ್ಲಿ ತಾರೀಖಿನ ಸಮೇತ ಇದ್ದಾರೆ. ಹೋದವರಲ್ಲಿ ಟಿಸಿ (ವರ್ಗಾವಣೆ ಪತ್ರ) ಪಡೆದವರು ಟಿಸಿ ಪುಸ್ತಕದ ಕೌಂಟರ್‌ಫಾಯಿಲ್‌ನಲ್ಲಿ ಸಿಗುತ್ತಾರೆ. ಕಷ್ಟ ಇರುವುದು ಹೇಳದೆ ಹೋದವರದ್ದು. ಅವರನ್ನು ಹಾಜರಾತಿ ಪುಸ್ತಕದಲ್ಲೇ ಹುಡುಕಬೇಕು. ಒಂದು ಹೆಸರಿನ ಸಾಲನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ನೋಡಿಕೊಂಡು ಹೋಗಿ. ಕಾಯಿಲೆ ಬಿದ್ದ ಮಗುವಿನ ಸಾಲಿನಲ್ಲಿ ಮೂರು ನಾಲ್ಕು ‘ಗೈ’ (ಗೈರು) ಬಂದು ಮತ್ತೆ ‘ಹಾ’ (ಹಾಜರು) ಶುರುವಾಗುತ್ತದೆ. ಕೆಲಸಕ್ಕೋ, ತಮ್ಮನನ್ನು ನೋಡಿಕೊಳ್ಳುವುದಕ್ಕೋ ನಿಲ್ಲುವ ಮಗುವಿನ ಸಾಲು ವಾರಕ್ಕೆರಡು ಸಲ ಮುರಿದು ಮುರಿದು ಬರುತ್ತದೆ. ಊರು ಬಿಟ್ಟ ಮಗುವಿನ ಸಾಲು ಹಾಗಲ್ಲ. ಶನಿವಾರದವರೆಗೆ ನೆಟ್ಟಗೆ ‘ಹಾ’ ಇದ್ದು, ಸೋಮವಾರದಿಂದ ಒಂದೇ ಸಮ ‘ಗೈ’. ಭಾನುವಾರ ಮನೆ ಖಾಲಿಯಾಗಿದೆ. ಇಂಥ ಸಾಲು ಕಂಡ ವಾರವೇ ಮನೆಗೆ ಹೋದರೆ ಪಕ್ಕದ ಶೆಡ್ಡಿನವರಿಗೆ ಅವರು ಎಲ್ಲಿಗೆ ಹೋದರೆಂದು ಗೊತ್ತಿರುತ್ತದೆ. ತಿಂಗಳು ಬಿಟ್ಟು ಹೋದರೆ ಆ ಪಕ್ಕದವರೂ ಇರುವುದಿಲ್ಲ. ಸಮಗ್ರ ಶಿಕ್ಷಣ ಎಂಬ ಕೇಂದ್ರದ ಶಾಲಾ ಯೋಜನೆಯ ಲೆಕ್ಕದಲ್ಲಿ ಕಾರಣ ತಿಳಿಸದೆ 45 ದಿನ ಸತತವಾಗಿ ಬಾರದ ಮಗು ಶಾಲೆಯಿಂದ ಹೊರಗುಳಿದ ಮಗು. ಆ 45 ದಿನ ಕಾಯುತ್ತ ಕೂರುವುದು ನಗರದಲ್ಲಿ ಮಗುವನ್ನು ಕಳೆದುಕೊಂಡ ಹಾಗೆಯೇ.

ಬರುವುದು ಹೋಗುವುದಕ್ಕೆ ಒಂದು ಕಾಲಧರ್ಮ ಇದೆ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಒಣಭೂಮಿಯಿಂದ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳಲ್ಲಿ ಬಹಳಷ್ಟು ಮುಂಗಾರಿನ ಫಸಲು ಮುಗಿಸಿ, ದೀಪಾವಳಿ ಕಳೆದ ಮೇಲೆ ಬರುತ್ತವೆ. ಯುಗಾದಿ ಹೊತ್ತಿಗೆ ಊರಿನ ಕಡೆ ಮುಖ ಮಾಡುತ್ತವೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು ಹಾಗಲ್ಲ, ಅವರು ಊರಿಗೆ ಹೋಗುವುದಿಲ್ಲ, ಮನೆ ಬದಲಾಯಿಸುತ್ತಾರೆ. 11 ತಿಂಗಳ ಕರಾರು ಮುಗಿದು ಬಾಡಿಗೆ ಏರಿದಾಗ ಒಂದೆರಡು ಬಡಾವಣೆ ಆಚೆ ಹೋಗುತ್ತಾರೆ. ಬೇಸಿಗೆ ರಜೆಯಲ್ಲಿ ಆದರೆ ಅದು ನಮ್ಮ ಕಣ್ಣಿಗೇ ಬೀಳುವುದಿಲ್ಲ, ಜೂನ್‌ನಲ್ಲಿ ಮಗು ಬರದಿದ್ದಾಗಲೇ ಗೊತ್ತಾಗುವುದು. ಅಪಾರ್ಟ್‌ಮೆಂಟ್ ಕಟ್ಟುವ ಜಾಗದ ಪಕ್ಕದ ಶಾಲೆಗೆ ಇನ್ನೊಂದು ಬಗೆ: ಕೆಲಸ ಮುಗಿದ ದಿನ ಇಡೀ ಶೆಡ್ಡಿನ ಸಾಲು ಮುಂದಿನ ಸೈಟಿಗೆ ಎದ್ದು ಹೋಗುತ್ತದೆ, ಒಂದೇ ವಾರದಲ್ಲಿ ಹತ್ತು ಹದಿನೈದು ಮಕ್ಕಳು ಇಲ್ಲ. ಮೇಸ್ತ್ರಿಯ ಫೋನ್ ನಂಬರು ನಿಮ್ಮ ಪುಸ್ತಕದಲ್ಲಿರಲಿ. ಸೈಟು ಯಾವ ತಿಂಗಳು ಮುಗಿಯುತ್ತದೆ, ಮುಂದಿನದು ಎಲ್ಲಿ ಅನ್ನುವುದು ಅವನಿಗೆ ಮೊದಲೇ ಗೊತ್ತು. ಅಷ್ಟು ತಿಳಿದರೆ ಮಕ್ಕಳ ಟಿಸಿ ಮೊದಲೇ ಸಿದ್ಧಮಾಡಿ ಕೈಗೆ ಕೊಟ್ಟು ಕಳಿಸಬಹುದು.

ಈಗ ಇದನ್ನು ಸೆಪ್ಟೆಂಬರ್ 30ರ ಪಕ್ಕ ಇಟ್ಟು ನೋಡಿ. ಕೇಂದ್ರ ಶಿಕ್ಷಣ ಸಚಿವಾಲಯ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯೂಡೈಸ್ ಪ್ಲಸ್‌ನ ಲೆಕ್ಕದ ದಿನ ಅದು. ದೇಶದ ಎಲ್ಲ ಶಾಲೆಗಳ ಸಂಖ್ಯೆ ಆ ದಿನಕ್ಕೆ ನಿಲ್ಲುತ್ತದೆ. ನವೆಂಬರ್‌ನಲ್ಲಿ ಬರುವ ಮಗು ಆ ದಿನ ನಿಮ್ಮಲ್ಲಿ ಇರುವುದಿಲ್ಲ. ಊರಿನ ಶಾಲೆಯಲ್ಲಿ ಇದ್ದರೆ ಅಲ್ಲಿ ಎಣಿಕೆಯಾಗಿರುತ್ತದೆ, ಅಲ್ಲೂ ಇಲ್ಲದಿದ್ದರೆ ಎಲ್ಲಿಯೂ ಇಲ್ಲ. ವರ್ಷದಲ್ಲಿ ಐದು ತಿಂಗಳು ನೀವು ಕಲಿಸಿ, ಊಟ ಹಾಕಿ, ಪುಸ್ತಕ ಕೊಟ್ಟ ಮಗು ಆ ವರ್ಷದ ವರದಿಯಲ್ಲಿ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ವಲಸೆ ಮಕ್ಕಳು ಹೆಚ್ಚಿರುವ ಶಾಲೆ ಕಾಗದದ ಮೇಲೆ ಯಾವಾಗಲೂ ಇರುವುದಕ್ಕಿಂತ ಚಿಕ್ಕದಾಗಿ ಕಾಣುವುದು ಇದರಿಂದ. ಅದಕ್ಕೇ ಪ್ರತಿ ತಿಂಗಳ ಕೊನೆಯ ಕೆಲಸದ ದಿನದ ಸಂಖ್ಯೆಯನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ ಅನ್ನುತ್ತೇನೆ. ಮೂರು ವರ್ಷದ ಅಂಥ ಪುಸ್ತಕ ಕೈಯಲ್ಲಿದ್ದರೆ ಮಕ್ಕಳ ಸಂಖ್ಯೆಗೆ ಹೆಚ್ಚಾದರೆಂದು ಬೇರೆ ಶಾಲೆಗೆ ಕಳಿಸುವ ಹೆಚ್ಚುವರಿ ಶಿಕ್ಷಕರ ಪಟ್ಟಿ ಬಂದಾಗ ಎಸ್‌ಡಿಎಂಸಿ ಬರೀ ಮನವಿ ಹಿಡಿದು ಹೋಗಬೇಕಿಲ್ಲ, ಆಧಾರ ಹಿಡಿದು ಹೋಗಬಹುದು.

ಯಾಕೆಂದರೆ ಸಂಖ್ಯೆಗೆ ಮೆಟ್ಟಿಲುಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. 150 ದಾಟಿದರೆ ಮೇಲೊಬ್ಬ ಮುಖ್ಯ ಶಿಕ್ಷಕರು. 200 ದಾಟಿದರೆ ಮುಖ್ಯ ಶಿಕ್ಷಕರನ್ನು ಬಿಟ್ಟು, ಒಬ್ಬ ಶಿಕ್ಷಕರಿಗೆ 40ಕ್ಕಿಂತ ಹೆಚ್ಚು ಮಕ್ಕಳು ಇರಕೂಡದು. 200ಕ್ಕೆ 5 ಶಿಕ್ಷಕರು ಸಾಕು, 201ಕ್ಕೆ 6 ಬೇಕು. ಆ ಒಂದು ಮಗು ದಾಖಲಾತಿಯಲ್ಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಒಬ್ಬ ಶಿಕ್ಷಕರು ನಿಂತಿದ್ದಾರೆ. ಸಮಗ್ರ ಶಿಕ್ಷಣದ ಶಾಲಾ ಅನುದಾನವೂ ಹಾಗೆಯೇ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದರಾಚೆ ಒಂದು ಲಕ್ಷ. 100 ಇದ್ದದ್ದು 101 ಆದರೆ ದುಡ್ಡು ದುಪ್ಪಟ್ಟು. ಮೆಟ್ಟಿಲಿನ ಅಂಚಿನಲ್ಲಿರುವ ಶಾಲೆಗೆ ಬಿಟ್ಟು ಹೋದ ಮಕ್ಕಳ ಹೆಸರನ್ನು ಹಾಗೇ ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ದಯವಿಟ್ಟು ಬೇಡ. ಆ ಮಗು ಹೊಸ ಶಾಲೆಯಲ್ಲಿ ಇಲ್ಲದ ಮಗುವಾಗಿ ಕೂರುತ್ತದೆ.

ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಗರದ ಶಾಲೆಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಮಗು ಊರಿನ ಶಾಲೆಯ ಸ್ಯಾಟ್ಸ್‌ನಲ್ಲಿದೆ, ಅಂದರೆ ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿದೆ. ಪೋಷಕರು ಟಿಸಿ ತರದೆ ಬಂದಿದ್ದಾರೆ. ಇಲ್ಲಿಯ ಶಿಕ್ಷಕರು ಪಾಪ ಅವಸರದಲ್ಲಿ ಮಗುವಿಗೆ ಹೊಸ ಸ್ಯಾಟ್ಸ್ ಸಂಖ್ಯೆ ಹುಟ್ಟಿಸುತ್ತಾರೆ. ಈಗ ಒಂದೇ ಮಗು ಎರಡು ಕಡೆ. ಊರಿನಲ್ಲಿ ದೀರ್ಘ ಗೈರು, ಕೊನೆಗೆ ಶಾಲೆ ಬಿಟ್ಟ ಮಗು ಎಂಬ ಲೆಕ್ಕ. ಇಲ್ಲಿ ಹಿಂದಿನ ತರಗತಿಗಳ ದಾಖಲೆಯೇ ಇಲ್ಲದ ಮಗು. ಆಧಾರ್ ಒಂದೇ ಆದ್ದರಿಂದ ಮುಂದೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಸರಿಯಾದ ಕ್ರಮ ಇಷ್ಟೇ: ಮೊದಲ ದಿನವೇ ಮಗುವನ್ನು ತರಗತಿಯಲ್ಲಿ ಕೂರಿಸಿ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ. ಆಮೇಲೆ ಹಳೆಯ ಶಾಲೆಯ ಹೆಸರು, ಊರು, ತಾಲ್ಲೂಕು, ತರಗತಿ ಕೇಳಿ ಬರೆದುಕೊಳ್ಳಿ. ಹಳೆಯ ಅಂಕಪಟ್ಟಿಯೋ ಪ್ರಗತಿ ಪತ್ರವೋ ಇದ್ದರೆ ಸ್ಯಾಟ್ಸ್ ಸಂಖ್ಯೆ ಅದರ ಮೇಲೇ ಇರಬಹುದು. ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಅವರು ಸ್ಯಾಟ್ಸ್‌ನಲ್ಲಿ ಟಿಸಿ ಹೊರಡಿಸಿದ ಮೇಲೆ ಹಳೆಯ ಸಂಖ್ಯೆಯಲ್ಲೇ ಸೇರಿಸಿಕೊಳ್ಳಿ. ಫೋನಿಗೆ ಸಿಗದಿದ್ದರೆ ನಿಮ್ಮ ಸಿಆರ್‌ಪಿ (ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಮೂಲಕ ಆ ಕ್ಲಸ್ಟರಿನ ಸಿಆರ್‌ಪಿಯನ್ನು ಹಿಡಿಯಿರಿ. ಯೂಡೈಸ್ ಪ್ಲಸ್‌ನಲ್ಲಿ ಬಿಟ್ಟು ಹೋದ ಮಗುವಿನ ಹೆಸರು ಡ್ರಾಪ್‌ಬಾಕ್ಸ್ ಎಂಬ ಪಟ್ಟಿಯಲ್ಲಿ ಕೂತಿರುತ್ತದೆ, ಹೊಸ ಶಾಲೆ ಪೆನ್ ಸಂಖ್ಯೆ (ಯೂಡೈಸ್ ಪ್ಲಸ್ ಮಗುವಿಗೆ ಕೊಡುವ ಕಾಯಂ ಸಂಖ್ಯೆ) ಮತ್ತು ಹುಟ್ಟಿದ ತಾರೀಖು ಕೊಟ್ಟು ಎಳೆದುಕೊಳ್ಳುವವರೆಗೆ. ಹೊರ ರಾಜ್ಯದಿಂದ ಬಂದ ಮಗುವಿಗೆ ಸ್ಯಾಟ್ಸ್ ಇರುವುದಿಲ್ಲ, ಪೆನ್ ಇರಬಹುದು. ಕೇಳದೆ ಹೊಸದು ಮಾಡಬೇಡಿ.

2022-23ರಲ್ಲಿ ಯೂಡೈಸ್ ಪ್ಲಸ್ ಶಾಲಾವಾರು ಒಟ್ಟು ಸಂಖ್ಯೆ ಬಿಟ್ಟು ಒಂದೊಂದು ಮಗುವಿನ ಹೆಸರಿನ ಲೆಕ್ಕಕ್ಕೆ ಬಂತು. 2021-22ರಲ್ಲಿ ದೇಶದಲ್ಲಿ ಸುಮಾರು 26.5 ಕೋಟಿ ಇದ್ದ ದಾಖಲಾತಿ ಆ ವರ್ಷ 25.2 ಕೋಟಿಯ ಆಸುಪಾಸಿಗೆ ಇಳಿಯಿತು. ಅಷ್ಟೂ ಮಕ್ಕಳು ಒಂದೇ ವರ್ಷದಲ್ಲಿ ಶಾಲೆ ಬಿಟ್ಟರೆಂದು ಓದಬಾರದು. ಎಣಿಸುವ ರೀತಿಯೇ ಬದಲಾದ ಮೇಲೆ ಹಿಂದಿನ ವರ್ಷದ ಅಂಕಿಯನ್ನು ಪಕ್ಕದಲ್ಲಿಟ್ಟು ಹೋಲಿಸುವುದು ತಪ್ಪು. ನಿಮ್ಮ ಶಾಲೆಯ ಹತ್ತು ವರ್ಷದ ಗ್ರಾಫ್ ಬರೆಯುವಾಗ ಅಲ್ಲೊಂದು ಗೆರೆ ಎಳೆಯಿರಿ.

ಇನ್ನೂ ಎರಡು ಗೆರೆ ಬೇಕಾಗುತ್ತವೆ. 2020-21, 2021-22ರಲ್ಲಿ ಕೋವಿಡ್‌ನಿಂದ ಸಂಬಳ ನಿಂತ ಮನೆಗಳು ಖಾಸಗಿ ಶಾಲೆಯ ಫೀಸು ಕಟ್ಟಲಾಗದೆ ಸರ್ಕಾರಿ ಶಾಲೆಗೆ ಬಂದವು. ಕೆಲವರು ಮರಳಿ ಹೋದರು, ಕೆಲವರು ಉಳಿದರು. 2021-22ರಲ್ಲಿ ಒಂದನೇ ತರಗತಿಗೆ ಸೇರಿ ಉಳಿದವರು 2025-26ರಲ್ಲಿ ಐದನೇ ತರಗತಿ. 5ನೇ ತರಗತಿವರೆಗೆ ಮಾತ್ರ ಇರುವ ಶಾಲೆಯಿಂದ ಆ ದೊಡ್ಡ ಗುಂಪು ಆ ವರ್ಷದ ಕೊನೆಗೆ ಹೊರಗೆ ಹೋಗುತ್ತದೆ.

ಇನ್ನೊಂದು ಗೆರೆ ವಯಸ್ಸಿನದು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಜಾರಿಯಾಗಬೇಕಿದ್ದದ್ದು 2025-26ರಿಂದ. ಆ ಒಂದು ಸಾಲಿಗೆ ಮಾತ್ರ ಅಂತ, ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಲೆಕ್ಕ ಹಾಕಿ. 2025ರ ಜೂನ್ 1ಕ್ಕೆ 5 ವರ್ಷ 5 ತಿಂಗಳು ಅಂದರೆ 2020ರ ಜನವರಿ 1ರೊಳಗೆ ಹುಟ್ಟಿದವರು. 2026ರ ಜೂನ್ 1ಕ್ಕೆ 6 ವರ್ಷ ಅಂದರೆ 2020ರ ಜೂನ್ 1ರೊಳಗೆ ಹುಟ್ಟಿದವರು. ಸಡಿಲಿಕೆ ಹೋಗಿ 6 ವರ್ಷದ ನಿಯಮ ಬಂದ ವರ್ಷ ಹೊಸದಾಗಿ ಅರ್ಹರಾಗುವುದು 12 ತಿಂಗಳ ಮಕ್ಕಳಲ್ಲ, 5 ತಿಂಗಳ ಮಕ್ಕಳು. ಪ್ರತಿ ವರ್ಷ 42 ಮಕ್ಕಳು ಒಂದನೇ ತರಗತಿಗೆ ಬರುತ್ತಿದ್ದ ಕಡೆ ಆ ವರ್ಷ 18ರ ಸುತ್ತಮುತ್ತ. ನಮ್ಮ ಶಾಲೆಗಳಿಗೆ ಮಕ್ಕಳು ಹೇಗೂ ಸ್ವಲ್ಪ ತಡವಾಗಿ ಬರುವುದರಿಂದ ಹೊಡೆತ ಇಷ್ಟು ಜೋರಾಗಿ ಬೀಳದಿರಬಹುದು. ಆದರೂ 212ರಿಂದ 24 ಕಳೆದರೆ 188, ಅಂದರೆ 200ರ ಮೆಟ್ಟಿಲಿನ ಕೆಳಗೆ. ಆ ತೆಳ್ಳಗಿನ ತಂಡ ಐದು ವರ್ಷ ನಿಮ್ಮ ಶಾಲೆಯಲ್ಲೇ ನಡೆದು ಹೋಗುತ್ತದೆ, ಪ್ರತಿ ವರ್ಷ ಒಂದೊಂದು ತರಗತಿಯಲ್ಲಿ ತಗ್ಗಾಗಿ ಕಾಣುತ್ತದೆ. ಆಗ ಶಿಕ್ಷಕರ ಮೇಲೆ ‘ದಾಖಲಾತಿ ಯಾಕೆ ಕುಸಿಯಿತು’ ಅಂತ ಹರಿಹಾಯುವುದು ಅನ್ಯಾಯ. ಯಾವ ಮನೆಯವರೂ ಶಾಲೆಯನ್ನು ತಿರಸ್ಕರಿಸಿಲ್ಲ, ಏಳು ತಿಂಗಳ ಮಕ್ಕಳು ಹಿಂದಿನ ವರ್ಷವೇ ಸೇರಿಬಿಟ್ಟಿದ್ದಾರೆ.

ಹುಟ್ಟಿದ ತಾರೀಖಿನ ಅಂಕಣವನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ. 38 ಹೆಸರಿನ ಪುಟದಲ್ಲಿ 1-6 ಅನ್ನುವ ತಾರೀಖು ಎಂಟು ಒಂಬತ್ತು ಸಲ ಬಂದಿದ್ದರೆ ಅವು ಹುಟ್ಟಿದ ದಿನಗಳಲ್ಲ, ಶಾಲೆಗೆ ಸೇರಿದ ಕಾಲದ ಅಂದಾಜು. ಮುಂದೆ ಜನನ ಪ್ರಮಾಣಪತ್ರ ಬಂದಾಗ ಆಧಾರ್, ಸ್ಯಾಟ್ಸ್, ಯೂಡೈಸ್ ಮೂರೂ ಮೂರು ದಿನ ಹೇಳುತ್ತವೆ, ದೇಶದ ವಿದ್ಯಾರ್ಥಿಗಳಿಗೆ ಕೊಡುವ ಅಪಾರ್ ಗುರುತಿನ ಸಂಖ್ಯೆ ಹೊರಡುವುದಿಲ್ಲ. ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ಪುರಾವೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ, ಸರಿ. ಆದರೆ ಅಂದಾಜು ಬರೆಯುವ ಮೊದಲು, ಗರ್ಭಿಣಿಯರಿಗೆ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡ್ ಕೇಳಿ. ಮನೆ ಎಷ್ಟು ಸಲ ಬದಲಾದರೂ ತಾಯಂದಿರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಹೆರಿಗೆಯ ದಿನ ಅದರಲ್ಲಿದೆ. ಅಂಗನವಾಡಿಯ ದಾಖಲೆಯೂ ಆಗುತ್ತದೆ.

ಈಗ ಜಾತಿ, ವರ್ಗದ ಅಂಕಣಗಳು. ಯೂಡೈಸ್ ಕೇಳುವುದು ನಾಲ್ಕೇ ಗುಂಪು: ಸಾಮಾನ್ಯ, ಪ.ಜಾ., ಪ.ಪಂ., ಇತರ ಹಿಂದುಳಿದ ವರ್ಗ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಲ್ಲ ಕೊನೆಯದರೊಳಗೆ ಹೋಗುತ್ತವೆ. ಅಲ್ಪಸಂಖ್ಯಾತರ ಕೋಷ್ಟಕ ಬೇರೆ. 2ಬಿಯಲ್ಲಿರುವ ಮುಸ್ಲಿಂ ಮಗು ಎರಡೂ ಕೋಷ್ಟಕದಲ್ಲಿ ಬರುತ್ತದೆ, ಬರಬೇಕು ಕೂಡ. ಎರಡನ್ನೂ ಕೂಡಿಸಿ ಹಲಗೆಯ ಮೇಲೆ ಒಟ್ಟು ಬರೆದರೆ 60 ಮುಸ್ಲಿಂ ಮಕ್ಕಳಿರುವ ಶಾಲೆಯಲ್ಲಿ 212 ಹೋಗಿ 272 ಆಗುತ್ತದೆ. ಇನ್ನೊಂದು ತಪ್ಪು ಮೆತ್ತಗೆ ಆಗುತ್ತದೆ: ಜಾತಿ ಪ್ರಮಾಣಪತ್ರ ತರದ ಮಗುವನ್ನು ‘ಸಾಮಾನ್ಯ’ದಲ್ಲಿ ಹಾಕಿ ಮುಂದೆ ಹೋಗುವುದು. ಸಾಮಾನ್ಯ ವರ್ಗದ ಪಟ್ಟಿಯ ಒಂದೊಂದು ಹೆಸರನ್ನೂ ಎದುರಿಗಿಟ್ಟುಕೊಂಡು ಕೇಳಿ, ಎಷ್ಟು ಜನ ನಿಜವಾಗಿ ಆ ವರ್ಗದವರು, ಎಷ್ಟು ಜನ ಆರ್‌ಡಿ ಸಂಖ್ಯೆ (ಜಾತಿ ಪ್ರಮಾಣಪತ್ರದ ಮೇಲಿನ ಸಂಖ್ಯೆ) ಇಲ್ಲದವರು ಅಂತ. ಎರಡನೆಯವರಿಗೆ ವಿದ್ಯಾರ್ಥಿವೇತನ ತಪ್ಪುತ್ತಿದೆ.

ರಾಜ್ಯ ದಾಟಿ ಬಂದವರ ಮಾತು ಇನ್ನೂ ಸೂಕ್ಷ್ಮ. ಲಂಬಾಣಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಒಂದೇ ಬೆಂಚಿನಲ್ಲಿ ಕೂತು ಒಂದೇ ಭಾಷೆ ಆಡುವ ಇಬ್ಬರು ಮಕ್ಕಳ ಕೈಯಲ್ಲಿ ಎರಡು ರಾಜ್ಯದ ಎರಡು ಕಾಗದ. ಅಲ್ಲಿಯ ಪ್ರಮಾಣಪತ್ರ ನೋಡಿ ಇಲ್ಲಿಯ ಸವಲತ್ತಿಗೆ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ಪೋಷಕರಿಗೆ ಇದನ್ನು ಸೇರಿಸಿಕೊಳ್ಳುವ ದಿನವೇ ಹೇಳಿಬಿಡಿ, ತಿಂಗಳುಗಟ್ಟಲೆ ನಾಡಕಚೇರಿಗೆ ಅಲೆಸುವುದಕ್ಕಿಂತ ಅದು ಮೇಲು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಅಂಕಣ ಮಾತೃಭಾಷೆಯದು, ಎಲ್ಲಕ್ಕಿಂತ ಅಸಡ್ಡೆಯಿಂದ ತುಂಬುವುದೂ ಅದನ್ನೇ. ಬೋಧನಾ ಮಾಧ್ಯಮ ಕನ್ನಡ ಆದ್ದರಿಂದ ಮಾತೃಭಾಷೆಯೂ ಕನ್ನಡ ಅಂತ 40 ಹೆಸರಿಗೂ ಒಂದೇ ಕೈಯಲ್ಲಿ ಬರೆದುಬಿಡುತ್ತೇವೆ. ಬೆಂಗಳೂರಿನ ಕನ್ನಡ ಮಾಧ್ಯಮದ ಒಂದನೇ ತರಗತಿಯಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು, ಲಂಬಾಣಿ, ಹಿಂದಿ, ಒಡಿಯಾ, ನೇಪಾಳಿ ಆಡುವ ಮಕ್ಕಳು ಒಟ್ಟಿಗೆ ಇರುತ್ತಾರೆ. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿಯ ಮೊದಲ ಮೈಲಿಗಲ್ಲಿನಲ್ಲಿ, ಅಂದರೆ ಮೊದಲ ಹಂತದಲ್ಲಿ, ಚಿತ್ರ ತೋರಿಸಿ ‘ಇದೇನು’ ಅಂದರೆ ಮಗುವಿಗೆ ವಸ್ತು ಗೊತ್ತು, ಕನ್ನಡದ ಹೆಸರು ಗೊತ್ತಿಲ್ಲ. ಪುಸ್ತಕದಲ್ಲಿ ಮಾತೃಭಾಷೆ ಕನ್ನಡ ಅಂತಿದ್ದರೆ ಆ ಮಗು ‘ನಿಧಾನ ಕಲಿಕೆ’ ಅನ್ನುವ ಪಟ್ಟಿಗೆ ಹೋಗುತ್ತದೆ. ಕೇಳುವ ಪ್ರಶ್ನೆ ಬದಲಾಯಿಸಿ. ‘ನಿಮ್ಮ ಭಾಷೆ ಯಾವುದು’ ಅಂದರೆ ಪೋಷಕರು ಸಂಕೋಚದಿಂದ ಕನ್ನಡ ಅನ್ನುತ್ತಾರೆ. ‘ಅಜ್ಜಿ ಹತ್ತಿರ ಮಗು ಯಾವ ಮಾತಿನಲ್ಲಿ ಮಾತಾಡುತ್ತೆ’ ಅಂತ ಕೇಳಿದರೆ ನಿಜ ಬರುತ್ತದೆ.

ಹಲಗೆಯಲ್ಲಿ ಹುಡುಗಿಯರ ಸಂಖ್ಯೆ ಹುಡುಗರಿಗಿಂತ ಹೆಚ್ಚಿರುವುದು ನಗರದ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯ ದೃಶ್ಯ. ಖುಷಿಪಡುವ ಮೊದಲು ಪ್ರವೇಶ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಅಣ್ಣ ತಮ್ಮಂದಿರು ಓದುತ್ತಿರುವ ಶಾಲೆ. ಅವನು ಫೀಸು ಕಟ್ಟುವ ಶಾಲೆಯಲ್ಲಿ, ಇವಳು ನಿಮ್ಮಲ್ಲಿ ಅನ್ನುವ ಉತ್ತರ ಮತ್ತೆ ಮತ್ತೆ ಬಂದರೆ ಆ ಸಂಖ್ಯೆಯ ಅರ್ಥವೇ ಬೇರೆ. ಇಂಗ್ಲಿಷ್ ಮಾಧ್ಯಮದ ವಿಭಾಗ ಇರುವ ಕಡೆ ಎರಡೂ ವಿಭಾಗದ ಗಂಡು, ಹೆಣ್ಣಿನ ಲೆಕ್ಕ ಬೇರೆ ಬೇರೆ ಇಡಿ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಅದು ಶುರುವಾದ ಮೇಲೆ ಒಂದೇ ಆವರಣದಲ್ಲಿ ಒಂದು ಕೊಠಡಿ ತುಂಬಿ ಇನ್ನೊಂದು ಖಾಲಿಯಾಗುವುದನ್ನು ಒಟ್ಟು ಸಂಖ್ಯೆ ಮುಚ್ಚಿಹಾಕುತ್ತದೆ.

ಮಾತು ಮುಗಿದ ಮೇಲೆ ಕೇಳಿದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ಹತ್ತು ವರ್ಷದ ಮಗು, ಶಾಲೆಯ ಮುಖ ನೋಡಿಲ್ಲ, ಡಿಸೆಂಬರ್‌ನಲ್ಲಿ ಬಂದಿದೆ, ಒಂದನೇ ತರಗತಿಗೆ ಹಾಕಬೇಕೆ?

ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ, ಅಂದರೆ ನಾಲ್ಕಕ್ಕೋ ಐದಕ್ಕೋ ಸೇರಿಸಬೇಕು. ಜೊತೆಯವರ ಮಟ್ಟಕ್ಕೆ ಬರುವಂತೆ ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು. 14 ವರ್ಷ ದಾಟಿದರೂ 8ನೇ ತರಗತಿ ಮುಗಿಸುವವರೆಗೆ ಉಚಿತ ಶಿಕ್ಷಣ ಸಿಗುತ್ತದೆ. ಡಿಸೆಂಬರ್ ಅನ್ನುವ ಕಾರಣಕ್ಕೂ ತಿರುಗಿ ಕಳಿಸುವಂತಿಲ್ಲ, 15ನೇ ಸೆಕ್ಷನ್ ಅದನ್ನು ಹೇಳುತ್ತದೆ. ಒಂದನೇ ತರಗತಿಯ ಪುಟ್ಟ ಬೆಂಚಿನಲ್ಲಿ ಮಂಡಿ ಮಡಚಿ ಕೂತ ಹತ್ತು ವರ್ಷದ ಮಗು ಮೂರನೇ ದಿನಕ್ಕೆ ಬರುವುದು ನಿಲ್ಲಿಸುತ್ತದೆ. ನಾಲ್ಕನೇ ತರಗತಿಯಲ್ಲಿ ತನ್ನ ಎತ್ತರದವರ ಜೊತೆ ಕೂರಿಸಿ, ದಿನಕ್ಕೆ ಎರಡು ಅವಧಿ ಬೇರೆ ಕರೆದು ಅಕ್ಷರ ಕಲಿಸಿ. ಬಂದ ತಾರೀಖನ್ನು ದಾಖಲಾತಿ ಪುಸ್ತಕದಲ್ಲಿ ಅದೇ ದಿನ ಬರೆಯಿರಿ.